ರಕ್ತ ನೋಡಿದರೆ ಬವಳಿ ಬರುತ್ತದೆ, ಆಂಬುಲೆನ್ಸ್ ಕೆಲಸ ಮಾಡಬಹುದಾ?

ಪ್ರಶ್ನೆ: ನಾನು ಇ.ಎಂ.ಟಿ. (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವರು) ತರಬೇತಿಯಲ್ಲಿದ್ದೇನೆ. ಹೋದ ವಾರ ಕ್ಯಾಶುಯಾಲ್ಟಿಗೆ ಬೈಕಿನಿಂದ ಬಿದ್ದವರೊಬ್ಬರನ್ನು ತಂದರು. ಮೊಣಕಾಲಿನ ಕೆಳಗೆ ಮೂಳೆ ಹೊರಗೆ ಬಂದಿತ್ತು. ಕಿವಿಯಲ್ಲಿ ಗುಂಯ್ ಅಂತು, ಕಣ್ಣು ಕತ್ತಲೆ ಬಂತು, ಗೋಡೆ ಹಿಡಿದು ಕೂತೆ. ಜೊತೆಯವರು ನಕ್ಕರು. ಈ ಕೆಲಸ ನನಗೆ ಆಗಿಬರುವುದಿಲ್ಲವಾ?

ಉತ್ತರ: ಹನ್ನೊಂದು ವರ್ಷದಿಂದ 108ರಲ್ಲಿದ್ದೇನೆ. ನಕ್ಕರು ಅಂತ ಓದಿ ಬೇಸರವಾಯಿತು. ಇದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ರಕ್ತ, ಗಾಯ ಕಂಡಾಗ ಕೆಲವರಿಗೆ ಎದೆಬಡಿತ ಏರಿ, ಆಮೇಲೆ ತಟ್ಟನೆ ಇಳಿಯುತ್ತದೆ. ಬಿ.ಪಿ. ಕುಸಿಯುತ್ತದೆ, ಮಿದುಳಿಗೆ ರಕ್ತ ಸಾಲದೆ ಬವಳಿ ಬರುತ್ತದೆ.

ಹಾಗಾಗಿ ಆ ಹೊತ್ತಿನಲ್ಲಿ ಮೈ ಸಡಿಲ ಬಿಡಬೇಡಿ, ಬಿಗಿ ಮಾಡಿ. ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲ ಬಿಗಿಹಿಡಿಯಿರಿ. 10-15 ಸೆಕೆಂಡಿನಲ್ಲಿ ಮುಖ ಬೆಚ್ಚಗಾಗುತ್ತದೆ. ಬಿಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಮಾಡಿ. ಹೀಗೆ ಐದು ಸಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮನೆಯಲ್ಲಿ ದಿನಾ ಅಭ್ಯಾಸ ಮಾಡಿದರೆ ಮಾತ್ರ ಹೊತ್ತಿಗೆ ಕೈಹಿಡಿಯುತ್ತದೆ. ತಿಂಡಿ ತಿನ್ನದೆ ಡ್ಯೂಟಿಗೆ ಹೋಗಬೇಡಿ. ತಲೆ ಸುತ್ತಿದರೆ ಕೂತುಬಿಡಿ, ನಾಚಿಕೆ ಬೇಡ. ರಕ್ತ ಕಾಣದಿದ್ದಾಗಲೂ ಹೀಗಾದರೆ ಡಾಕ್ಟರಿಗೆ ತೋರಿಸಿ, ಇ.ಸಿ.ಜಿ. ಮಾಡಿಸಿ.

ಪ್ರಶ್ನೆ: ಸ್ಥಳದಲ್ಲಿ ಅಷ್ಟೆಲ್ಲ ಮಾಡಲು ಟೈಮ್ ಎಲ್ಲಿರುತ್ತದೆ?

ಉತ್ತರ: ಅಲ್ಲಿ ಕೈಗೆ ಕೆಲಸ ಇರುತ್ತದೆ, ಅದೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಸುಮ್ನೆ ನೋಡುತ್ತಾ ನಿಂತವರಿಗೇ ಜಾಸ್ತಿ ಬವಳಿ ಬರುವುದು. ನನ್ನ ಮೊದಲ ವರ್ಷ ಒಬ್ಬ ಹುಡುಗನ ಕೈ ಕಬ್ಬಿನ ಹಾಲಿನ ಯಂತ್ರಕ್ಕೆ ಸಿಕ್ಕಿತ್ತು. ಎರಡು ಬೆರಳು ಸಿಪ್ಪೆಯ ಜೊತೆ ಬಿದ್ದಿದ್ದವು. ಹೊಟ್ಟೆ ತೊಳಸಿತು. ಪೈಲಟ್ ಅಣ್ಣ (ಆಂಬುಲೆನ್ಸ್ ಡ್ರೈವರಿಗೆ ನಾವು ಹಾಗನ್ನುವುದು) "ಗಾಜ್ ಬಟ್ಟೆ ಒತ್ತು, ಬಿಡಬೇಡ" ಅಂದರು. ಒತ್ತಿ ಹಿಡಿದೆ. ಬೆರಳನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲೆ ಇಟ್ಟೆವು. ಬೆರಳಿಗೆ ಐಸ್ ನೇರ ತಾಗಬಾರದು. ಅಷ್ಟು ಹೊತ್ತು ನನಗೆ ಏನೂ ಆಗಲಿಲ್ಲ. ಗಾಡಿ ತೊಳೆಯುವಾಗ ಕೈ ನಡುಗಿತು.

ಪ್ರಶ್ನೆ: ಆಮೇಲೆ ಮನಸ್ಸಿನಿಂದ ಹೋಗುತ್ತದಾ?

ಉತ್ತರ: ರಕ್ತ ಮರೆತುಹೋಯಿತು. ಕಬ್ಬಿನ ಹಾಲಿನ ವಾಸನೆ ಮಾತ್ರ ಇನ್ನೂ ಆಗುವುದಿಲ್ಲ. ಆ ರಾತ್ರಿ ಪೈಲಟ್ ಜೊತೆ ಟೀ ಕುಡಿಯುತ್ತಾ ಎಲ್ಲ ಹೇಳಿಕೊಂಡೆ, ಹಗುರವಾಯಿತು. ನೀವೂ ಒಳಗೇ ಇಟ್ಟುಕೊಳ್ಳಬೇಡಿ. ವಾರಗಟ್ಟಲೆ ನಿದ್ದೆ ಬಾರದೆ, ಅದೇ ದೃಶ್ಯ ಕಣ್ಣ ಮುಂದೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಡ್ಯೂಟಿಯಲ್ಲಿ ಸೀನಿಯರ್ ಸಿಸ್ಟರಿಗೆ ವಿಷಯ ಮೊದಲೇ ಹೇಳಿಬಿಡಿ. ಡ್ರೆಸಿಂಗ್ ಟ್ರೇ ಹಿಡಿಯುವ ಕೆಲಸ ಕೇಳಿ. ಚಿಕ್ಕ ಗಾಯದಿಂದ ಶುರು ಮಾಡಿ. ಹೇಗಾಯಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.