ಶೋಸ್ತಕೋವಿಚ್ ಚೆಲ್ಲೊ ಕನ್ಚೆರ್ಟೊ 1: ಹಾರ್ಮೋನಿಕ್ಸ್ ಕೀರಲಾಗುತ್ತಿವೆ, ಏನು ಮಾಡಬೇಕು?

ಬಸವನಗುಡಿ ಚೆಲ್ಲೊ:
ರಷ್ಯಾದ ಸಂಯೋಜಕ ಶೋಸ್ತಕೋವಿಚ್ ಚೆಲ್ಲೊ ಮತ್ತು ವಾದ್ಯವೃಂದಕ್ಕೆ ಬರೆದ ಈ ಕೃತಿಯ ಎರಡನೇ ಭಾಗದ ಕೊನೆಯಲ್ಲಿ ಚೆಲ್ಲೊ, ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸುವ ಎತ್ತರದ ಸ್ವರಗಳಾದ ಹಾರ್ಮೋನಿಕ್ಸ್‌ನಲ್ಲಿ ಹಾಡುತ್ತೆ, ಸೆಲೆಸ್ಟಾ (ಗಂಟೆಯಂತೆ ನುಡಿಯುವ ಕೀಲಿಮಣೆ ವಾದ್ಯ) ಉತ್ತರ ಕೊಡುತ್ತೆ. ಅಲ್ಲಿ ಕೆಲವು ಸ್ವರ ಬರೀ ಉಸಿರು, ಕೆಲವು ಕೀರಲು. ಕಮಾನಿಗೆ ಹಚ್ಚುವ ರೋಸಿನ್ ಅಂಟು ಬದಲಿಸಿದರೂ ಅಷ್ಟೇ. ಸೆಲೆಸ್ಟಾ ಬದಲು ಕೀಬೋರ್ಡ್ ಇದೆ, ಸಾಕಾ?

ತಂತಿ ಮತ್ತು ಕಮಾನು:
ತಪ್ಪು ಹೆಚ್ಚಾಗಿ ಹೆಬ್ಬೆರಳಲ್ಲಿರುತ್ತೆ. ಹೆಬ್ಬೆರಳು ಷಡ್ಜ ಅಂದುಕೊಳ್ಳಿ, ಮೂರನೇ ಬೆರಳು ಶುದ್ಧ ಮಧ್ಯಮ. ಕೇಳಿಸುವುದು ಆ ಷಡ್ಜದ ಎರಡು ಸ್ಥಾಯಿ ಮೇಲಿನ ಸ್ವರ. ಹೆಬ್ಬೆರಳು ತಂತಿಯನ್ನು ಪೂರ್ತಿ ಒತ್ತದಿದ್ದರೆ ಉಸಿರು ಮಾತ್ರ ಬರುತ್ತೆ.

ಮೊದಲು ಹೆಬ್ಬೆರಳಿನ ಸ್ವರಗಳನ್ನಷ್ಟೇ ನುಡಿಸಿ. ಆಮೇಲೆ ಮೂರನೇ ಬೆರಳನ್ನೂ ಗಟ್ಟಿಯಾಗಿ ಒತ್ತಿ ಮಧ್ಯಮ ಸರಿಯಿದೆಯಾ ನೋಡಿ. ಕಡೆಗೆ ಆ ಬೆರಳೊಂದನ್ನೇ ಹಗುರ ಮಾಡಿ. ಕೈ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಕಡೆ ಸರಿದಂತೆ ಬೆರಳುಗಳ ಅಂತರ ಕಿರಿದಾಗಬೇಕು. ಅದನ್ನು ಮರೆತರೇ ಕೀರಲು. ಕಮಾನು ಕುದುರೆಗೆ ಹತ್ತಿರವಿರಲಿ, ಭಾರ ಕಡಿಮೆ, ಎಳೆತ ಸ್ವಲ್ಪ ಜಾಸ್ತಿ. ಜೂನ್‌ನಲ್ಲಿ ಮಳೆ ಹಿಡಿದರೆ ಕಮಾನಿನ ಕೂದಲು ತೇವ ಹೀರಿ ಸಡಿಲವಾಗುತ್ತೆ, ಆಗ ತಿರುಪು ಅರ್ಧ ಸುತ್ತು ಬಿಗಿ ಮಾಡಿ ನೋಡಿ.

ಮಲ್ಲೇಶ್ವರ 5ನೇ ಕ್ರಾಸ್:
ಕೀಬೋರ್ಡ್ ಸಾಕು, ಆದರೆ ಸೆಲೆಸ್ಟಾ ಬರೆದದ್ದಕ್ಕಿಂತ ಒಂದು ಸ್ಥಾಯಿ ಮೇಲೆ ನುಡಿಯುತ್ತೆ. ಪಿಯಾನೊ ಸದ್ದಿನಲ್ಲಿ ನುಡಿಸುವುದಾದರೆ ಒಂದು ಸ್ಥಾಯಿ ಏರಿಸಿ. ಅದರ ಶ್ರುತಿ ಅಲುಗದು, ಹೊಂದಿಕೊಳ್ಳಬೇಕಾದ್ದು ಚೆಲ್ಲೊನೇ.

ಇನ್ನೊಂದು ಮುಖ್ಯ ವಿಷಯ: ಎರಡನೇ ಭಾಗ, ಕಡೆನ್ಜಾ (ಚೆಲ್ಲೊ ಒಂಟಿಯಾಗಿ ನುಡಿಸುವ ಭಾಗ), ಕೊನೆಯ ಭಾಗ ಮೂರೂ ತಡೆಯಿಲ್ಲದೆ ಒಂದಕ್ಕೊಂದು ಸೇರಿಕೊಂಡಿವೆ. ಶ್ರುತಿ ಸರಿಮಾಡಲು ಮೊದಲ ಭಾಗದ ನಂತರದ ಬಿಡುವೊಂದೇ. ಒಣ ಹವೆಯ ಮಾರ್ಚ್‌ನಲ್ಲಿ ತಂತಿ ಬಿಗಿಯುವ ಬಿರಡೆ ಜಾರುತ್ತೆ, ಮುಂಚೆಯೇ ಒಳಕ್ಕೆ ಒತ್ತಿ ಕೂರಿಸಿ. ಕಡೆನ್ಜಾದಲ್ಲಿ ವೇಗ ಬೇಗ ಏರಿಸಬೇಡಿ. ಅದು ನಿಧಾನವಾಗಿ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಅಲ್ಲಿ ಕೈ ಸೋತರೆ ಕೊನೆಯ ಭಾಗಕ್ಕೆ ಏನೂ ಉಳಿಯಲ್ಲ.

ಬಸವನಗುಡಿ ಚೆಲ್ಲೊ:
ಅಂತರ ಕಿರಿದು ಮಾಡಿದ್ದೇ ಕೀರಲು ನಿಂತಿತು, ತುಂಬಾ ಥ್ಯಾಂಕ್ಸ್. ಮೊದಲ ಭಾಗ ಶುರುವಾಗುವ ನಾಲ್ಕು ಸ್ವರಗಳಲ್ಲಿ ಎಫ್ ಫ್ಲಾಟ್, ಸಿ ಫ್ಲಾಟ್ (ಎಫ್, ಸಿಗಿಂತ ಅರ್ಧ ಸ್ವರ ಕೆಳಗಿನವು) ಓದುವಾಗ ಬೆರಳು ತಡವರಿಸುತ್ತೆ.

ತಂತಿ ಮತ್ತು ಕಮಾನು:
ಇ ಫ್ಲಾಟನ್ನು ಷಡ್ಜ ಮಾಡಿ ಹಾಡಿಕೊಳ್ಳಿ: ಗ ರಿ ದ ಪ. ಅಂತರ ಗಾಂಧಾರ, ಶುದ್ಧ ರಿಷಭ, ಶುದ್ಧ ಧೈವತ, ಪಂಚಮ. ನಾಲ್ಕೂ ಮಾಯಾಮಾಳವಗೌಳ ರಾಗದಲ್ಲೇ ಇವೆ! ಗಮಕ ಮಾತ್ರ ಸೇರಿಸಬೇಡಿ, ಸ್ವರ ನೆಟ್ಟಗೆ ನಿಲ್ಲಬೇಕು. ಇದೇ ನಾಲ್ಕು ಸ್ವರ ಹಾರ್ನ್‌ಗೂ ಬರುತ್ತೆ. ಇಡೀ ವಾದ್ಯವೃಂದದಲ್ಲಿ ಹಿತ್ತಾಳೆ ವಾದ್ಯ ಅಂತ ಇರೋದು ಆ ಒಂದೇ ಹಾರ್ನ್. ಅದನ್ನು ನುಡಿಸುವವರ ಜೊತೆ ಬೇರೆಯಾಗಿ ಕೂತು ಅಭ್ಯಾಸ ಮಾಡಿ.