ಊರಿನ ಆರೋಗ್ಯ ಯೋಜನೆ ಬರೆಯೋದು ಹೇಗೆ? ಮಾಡಿದವರು ಅನುಭವ ಹೇಳಿ

ಪ್ರಶ್ನೆ:
ನಾನು ಪಾವಗಡ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ಮೊದಲ ಸಲ ಗೆದ್ದವಳು. ನಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ನಾನೇ ಅಧ್ಯಕ್ಷೆ. ಮುಂದಿನ ವರ್ಷದ ಆರೋಗ್ಯ ಯೋಜನೆ ಬರೆದು ಕೊಡಿ ಎಂದಿದ್ದಾರೆ. ಹಳೆಯ ಪುಸ್ತಕ ತೆಗೆದು ನೋಡಿದೆ. ಮೂರು ವರ್ಷವೂ ಒಂದೇ: ಬ್ಲೀಚಿಂಗ್ ಪೌಡರ್, ಫಿನಾಯಿಲ್, ಚರಂಡಿ ಕ್ಲೀನಿಂಗ್. ಸಮಿತಿಗೆ ಬರೋದು ವರ್ಷಕ್ಕೆ 10,000 ರೂಪಾಯಿ. ಎಲ್ಲಿಂದ ಶುರು ಮಾಡಲಿ?

ಆಶಾ ಕಾರ್ಯಕರ್ತೆ, ಶಿರಾ ಕಡೆಯಿಂದ:
ಅಕ್ಕಾ, ದುಡ್ಡಿನಿಂದ ಶುರು ಮಾಡಬೇಡಿ. ನಾವು ಹಾಗೆ ಮಾಡಿ ಎರಡು ವರ್ಷ ಕಳೆದುಕೊಂಡೆವು. 10,000ಕ್ಕೆ ಏನು ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತರೆ ಪೌಡರ್, ಫಿನಾಯಿಲ್ ಬಿಟ್ಟು ಬೇರೇನೂ ಹೊಳೆಯೋದಿಲ್ಲ.

ಮೂರನೇ ವರ್ಷ ನಾನು ನನ್ನ ಡೈರಿ ತೆಗೆದುಕೊಂಡು ಸಭೆಗೆ ಹೋದೆ. ಯಾವ ತಿಂಗಳು ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ವಾಂತಿ ಭೇದಿ, ಎಲ್ಲ ಅದರಲ್ಲಿತ್ತು. ಯಾರ ಹೆಸರೂ ಹೇಳಲಿಲ್ಲ. ತಿಂಗಳು ಮತ್ತು ಕೇರಿ ಮಾತ್ರ ಹೇಳಿದೆ. ನೆಲದ ಮೇಲೆ ಸುಣ್ಣದಲ್ಲಿ ಊರಿನ ನಕ್ಷೆ ಬರೆದು, ಜ್ವರಕ್ಕೆ ಹುರುಳಿ, ಭೇದಿಗೆ ಅವರೆಕಾಳು ಇಟ್ಟೆವು. ಹುರುಳಿ ಎಲ್ಲ ಒಂದೇ ಕೇರಿಯಲ್ಲಿ ರಾಶಿ ಬಿತ್ತು. ಅದು ಟ್ಯಾಂಕಿನಿಂದ ತೀರಾ ದೂರದ ಕೇರಿ. ಅಲ್ಲಿಗೆ ನೀರು ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ.

ನಾನೇ ಪ್ರತಿ ವಾರ ಆ ಮನೆಗಳಿಗೆ ಹೋಗಿ, ತೊಟ್ಟಿ ಖಾಲಿ ಮಾಡಿ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಡೆಂಗಿ ಬರುತ್ತದೆ ಎಂದು ಹೇಳುತ್ತಿದ್ದೆ. ಎಂಟು ದಿನಕ್ಕೊಮ್ಮೆ ನೀರು ಕಾಣುವವರು ಹೇಗೆ ಚೆಲ್ಲುತ್ತಾರೆ? ಅವತ್ತು ಆ ಹುರುಳಿ ನೋಡಿದಾಗಲೇ ನನಗೆ ಅರ್ಥವಾಗಿದ್ದು. ಡೆಂಗಿ ಸೊಳ್ಳೆ ಚರಂಡಿಯಲ್ಲಿ ಅಲ್ಲ, ನಾವು ಕೂಡಿಟ್ಟ ಒಳ್ಳೆ ನೀರಿನಲ್ಲೇ ಬೆಳೆಯೋದು. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿರುತ್ತದೆ, ಅದಕ್ಕೇ ಉಜ್ಜಬೇಕು.

ನಾವು ನೀರುಗಂಟಿಯವರನ್ನು ಕೂರಿಸಿಕೊಂಡು ಮಾತಾಡಿದೆವು. ಆ ಕೇರಿಗೆ ಮೂರು ದಿನಕ್ಕೊಮ್ಮೆ ಸರದಿ ಸಿಕ್ಕಿತು. ನೀರು ಬಿಡುವ ದಿನವೇ ಬೆಳಿಗ್ಗೆ ತೊಟ್ಟಿ ಉಜ್ಜೋದು ಎಂದು ಎಲ್ಲರೂ ಒಪ್ಪಿದರು. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಸಮಿತಿ ದುಡ್ಡಲ್ಲಿ ಡ್ರಮ್ಮುಗಳಿಗೆ ಮುಚ್ಚಳ ತಂದೆವು.

ಇನ್ನೊಂದು ಮಾತು. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವ ಹೆಂಗಸರು ಬರೋಲ್ಲ. ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಇಡಿ. ಅವರನ್ನು ಪಂಚಾಯಿತಿಗೆ ಕರೆಸಬೇಡಿ. ನೀವೇ ಅವರ ಕೇರಿಗೆ ಹೋಗಿ ಕೂರಿ. ನೀರು ಹೊರುವವರು ಅವರು, ಅವರಿಗೇ ಎಲ್ಲ ಗೊತ್ತಿರೋದು.

ನಿವೃತ್ತ ಆರೋಗ್ಯ ನಿರೀಕ್ಷಕ, ಚಿತ್ರದುರ್ಗ:
ಪಾವಗಡ ಎಂದಿರಿ, ಆ ಕಡೆ ಬೋರ್‌ವೆಲ್ ನೀರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ, ಹಾಗಾಗಿ ಮೊದಲು ಅದನ್ನು ನೋಡಿ ಅಮ್ಮ. ಅದು ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯೋಕೆ ಆಗೋದಿಲ್ಲ. ಶಾಲೆಗೆ ಹೋಗಿ ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಹಲ್ಲು ನೋಡಿ. ಹಳದಿ, ಕಂದು ಗೆರೆ ಕಂಡರೆ ನೀರು ಪರೀಕ್ಷೆ ಮಾಡಿಸಲೇಬೇಕು. ಕುದಿಸಿದರೆ ಫ್ಲೋರೈಡ್ ಹೋಗೋಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಜಾಸ್ತಿಯಾಗುತ್ತದೆ. ಜನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುತ್ತಾರೆ, ಆದರೆ ಅನ್ನ, ಸಾರು, ಮುದ್ದೆಗೆ ಬೋರ್‌ವೆಲ್ ನೀರೇ. ಇದನ್ನು ಎಷ್ಟೋ ಊರಲ್ಲಿ ನೋಡಿದ್ದೇನೆ. ಅಡುಗೆಗೂ ಘಟಕದ ನೀರು ಸಿಗುವ ಹಾಗೆ ಯೋಜನೆಯಲ್ಲಿ ಬರೆಯಿರಿ.

ಬ್ಲೀಚಿಂಗ್ ಪೌಡರ್ ಬೇಡ ಎನ್ನುತ್ತಿಲ್ಲ. ಅದು ಚರಂಡಿ ಪಕ್ಕ ಬಿಳಿ ಗೆರೆ ಎಳೆಯೋಕಲ್ಲ, ಟ್ಯಾಂಕಿಗೆ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆ ಪೌಡರ್, ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಹಾಕಿ ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಆಮೇಲೆ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ನೋಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಟ್ಯಾಂಕಿನ ಹತ್ತಿರದ ನಲ್ಲಿ ನೋಡಿ ಸರಿ ಇದೆ ಎಂದು ಬರೆದುಕೊಳ್ಳಬೇಡಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ಕಿಟ್‌ನಿಂದ ನೀರು ಪರೀಕ್ಷೆ ಮಾಡೋದು ಕಲಿಸಬೇಕು ಎಂದಿದೆ. ನಿಮ್ಮೂರಲ್ಲಿ ಅವರು ಯಾರು ಎಂದು ಕೇಳಿ.

ಮಾಜಿ ಪಂಚಾಯಿತಿ ಅಧ್ಯಕ್ಷ, ತುಮಕೂರು ಜಿಲ್ಲೆ:
ಮೇಡಂ, ಘಟಕದ ರಿಪೇರಿ, ಪೈಪ್‌ಲೈನ್ ಇವನ್ನೆಲ್ಲ ಸಮಿತಿ ದುಡ್ಡಿಗೆ ಬರೆಯಬೇಡಿ. ವಾರ್ಡ್ ಸಭೆಯಲ್ಲಿ ಎತ್ತಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಸೇರಿಸಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಎಂದು ಕಟ್ಟಿಟ್ಟಿದ್ದರು. ನನ್ನ ಅವಧಿಯಲ್ಲಿ ಆರೋಗ್ಯ ಸಮಿತಿಯಿಂದ ಯಾರೂ ಬಂದು ಕೇಳಲಿಲ್ಲ. ನಾನೂ ಕರೆಯಲಿಲ್ಲ. ಅದು ನನ್ನ ತಪ್ಪು. ಠರಾವಿನ ನಂಬರ್ ಬರೆದಿಟ್ಟುಕೊಳ್ಳಿ, ಮುಂದಿನ ಸಭೆಯಲ್ಲಿ ಅದನ್ನು ಹಿಡಿದೇ ಕೇಳಬೇಕಾಗುತ್ತದೆ.

ಸಾಗರದಿಂದ, ಸಮಿತಿ ಸದಸ್ಯೆ:
ನಮ್ಮದು ಬೇರೆ ಊರು, ಬೇರೆ ಕಾಯಿಲೆ. ಆದರೂ ಹೇಳುತ್ತೇನೆ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ಒಂದು ವರ್ಷ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ನಮ್ಮ ಕೈಗೆ ಬಂದಾಗ ಫೆಬ್ರವರಿ. ಅಷ್ಟರಲ್ಲಿ ಕಾಡಿನಲ್ಲಿ ದರಗು (ಒಣ ಎಲೆ) ಗುಡಿಸೋಕೆ ಹೋದವರು ಹೋಗಿ ಬಂದಾಗಿತ್ತು. ಈಗ ನಾವು ಯೋಜನೆಯಲ್ಲಿ ಪ್ರತಿ ಕೆಲಸಕ್ಕೂ ತಾರೀಕು ಬರೆಯುತ್ತೇವೆ. ನವೆಂಬರ್‌ನಲ್ಲೇ ಕಾಡಿಗೆ ಹೋಗುವ ಮನೆಗಳ ಪಟ್ಟಿ, ಅವರ ಕೈಗೇ ಎಣ್ಣೆ. ಮಂಗ ಸತ್ತು ಬಿದ್ದರೆ ಮುಟ್ಟದೆ ಯಾರಿಗೆ ಫೋನ್ ಮಾಡಬೇಕು ಎಂದು ಅಂಗನವಾಡಿ ಗೋಡೆ ಮೇಲೆ ಬರೆಸಿದ್ದೇವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಿನ್ನೆ ಶಾಲೆಗೆ ಹೋಗಿ ಬಂದೆ. ಐದನೇ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇದೆ. ನನ್ನ ಮಗಳ ಹಲ್ಲೂ ಹಾಗೇ. ಸರಿಯಾಗಿ ಉಜ್ಜೋಲ್ಲ ಎಂದು ಇಷ್ಟು ದಿನ ಅವಳಿಗೆ ಬೈಯುತ್ತಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಗುರುವಾರ ಸಂಜೆ ಕೊನೆಯ ಕೇರಿಯ ಅರಳಿಕಟ್ಟೆಯಲ್ಲಿ ಕೂರುತ್ತೇವೆ. ನೀರು ಪರೀಕ್ಷೆಯ ಕಿಟ್ ಸಿಕ್ಕಿತು, ಡಬ್ಬ ಇನ್ನೂ ಒಡೆದಿಲ್ಲ. ಹಳೆಯದು ಅನ್ನಿಸುತ್ತದೆ. ಬಳಸಬಹುದಾ ಸರ್?

ನಿವೃತ್ತ ಆರೋಗ್ಯ ನಿರೀಕ್ಷಕ:
ಮೊದಲು ಬಾಟಲಿ ಮೇಲಿನ ತಾರೀಕು ನೋಡಿ ಅಮ್ಮ. ಅವಧಿ ಮುಗಿದಿದ್ದರೆ ಕಿಟ್ ತೋರಿಸುವ ಬಣ್ಣ ನಂಬಬೇಡಿ. ಬೋರ್‌ವೆಲ್ ನೀರು, ಘಟಕದ ನೀರು ಎರಡನ್ನೂ ಬೇರೆ ಬೇರೆ ಶುದ್ಧ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದೊಂದು ಲೀಟರ್ ತುಂಬಿ, ಎಲ್ಲಿಯದು ಎಂದು ಚೀಟಿ ಅಂಟಿಸಿ ಲ್ಯಾಬಿಗೆ ಕೊಡಿ. ಘಟಕದ ನೀರನ್ನೂ ಮರೆಯಬೇಡಿ, ಅದರ ಫಿಲ್ಟರ್ ಬದಲಾಯಿಸಿ ಎಷ್ಟು ದಿನವಾಯಿತೋ. ಮಗಳಿಗೆ ದಿನಾ ಹಾಲು, ನೆಲ್ಲಿಕಾಯಿ ಕೊಡಿ.