ಅಜ್ಜನ ಮನೆಯ ಬಾಡಿಗೆ ಬೋರ್ಡು

ರಜೆಗೆ ಮಕ್ಕಳನ್ನು ಅಮೆರಿಕದಿಂದ ಊರಿಗೆ ಕಳಿಸೋದು ಒಳ್ಳೇದಾ ಅಂತ ಮೊನ್ನೆ ಒಬ್ಬರು ಇಲ್ಲಿ ಕೇಳಿದ್ದರು. ಉತ್ತರ ಕೊಟ್ಟವರೆಲ್ಲ ಹೊಟ್ಟೆ ಕೆಡೋದು, ಸೊಳ್ಳೆ, ಮೊಬೈಲು ಇಷ್ಟರಲ್ಲೇ ಮುಗಿಸಿದ್ದೀರಿ. ನಂದು ಬೇರೆ ಕಥೆ, ಸ್ವಲ್ಪ ಉದ್ದ ಇದೆ.

ಜುಲೈನಲ್ಲಿ ಮಗಳ ಜೊತೆ ಹುಬ್ಬಳ್ಳಿಗೆ ಹೋಗಿದ್ದೆ. ಹನ್ನೊಂದು ವರ್ಷ ಅವಳಿಗೆ. ಇಲ್ಲಿ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಕಂಡ ಕಂಡ ಬೋರ್ಡಿನ ಮೇಲೆ ತೀರಿಸಿಕೊಂಡಳು. ಬಸ್ಸು, ಔಷಧಿ ಅಂಗಡಿ, ಗಿರ್ಮಿಟ್ ಗಾಡಿ, ಯಾವುದನ್ನೂ ಬಿಡಲಿಲ್ಲ. ವಿದ್ಯಾನಗರದ ನಮ್ಮ ಮನೆ ಗೇಟಿಗೆ ಅಪ್ಪ ಒಂದು ತಗಡು ಕಟ್ಟಿದ್ದರು, 'ಮನೆ ಬಾಡಿಗೆಗೆ ಇದೆ' ಅಂತ. ಎರಡು 'ಗೆ' ಒಟ್ಟಿಗೆ ಬಂದಲ್ಲಿ ತಡವರಿಸಿದರೂ ಪೂರ್ತಿ ಓದಿದಳು. ಅಜ್ಜನಿಗೆ ಖುಷಿಯೋ ಖುಷಿ.

ಅದೇ ಸಂಜೆ ಗಂಡ-ಹೆಂಡತಿ ಮನೆ ನೋಡೋಕೆ ಬಂದರು. ಇಬ್ಬರಿಗೂ ನೌಕರಿ, ಸಣ್ಣ ವಯಸ್ಸು. ಮಾಳಿಗೆ ಮನೆ ಇಷ್ಟವಾಯಿತು, ಬಾಡಿಗೆಗೂ ಒಪ್ಪಿದರು. ಆಮೇಲೆ ಅಪ್ಪ ಶುರು ಮಾಡಿದರು.

"ಅಡ್ಡಹೆಸರೇನ್ರಿ ನಿಮ್ದು?"

"ಹಾವೇರಿ ಅಂತ್ರಿ."

ಬೆಂಗಳೂರು, ಮೈಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಅಡ್ಡಹೆಸರು ಅಂದರೆ ಅರ್ಧ ಜಾತಕ. ಕುಲಕರ್ಣಿ, ಹಿರೇಮಠ, ಬಡಿಗೇರ, ಕುಂಬಾರ ಅಂದರೆ ಮುಂದೆ ಕೇಳೋದೇ ಬೇಕಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ ಅಂದರೆ ತಲೆ ಕೆರೆದುಕೊಳ್ಳಬೇಕು. ಬರೀ ಊರಿನ ಹೆಸರಾದರೆ ಏನೂ ತಿಳಿಯಲ್ಲ. ಆಗ ಎರಡನೇ ಪ್ರಶ್ನೆ, "ಹಾವೇರ್ಯಾಗ ಯಾವ ಓಣಿ?" ಅದಕ್ಕೂ ಬಗ್ಗದಿದ್ದರೆ ಮೂರನೇದು, "ಮನಿದೇವ್ರು ಯಾವುದ್ರಿ?" 'ನೀವು ಯಾವ ಪೈಕಿ', ಅಂದರೆ ಯಾವ ಜಾತಿ, ಅಂತ ನೇರ ಕೇಳಿದರೆ ಒರಟುತನವಂತೆ. ಸುತ್ತಿ ಬಳಸಿ ಕೇಳೋದು ಮರ್ಯಾದೆ!

ಹುಡುಗ ಓಣಿ ಹೆಸರು ಹೇಳಿ ಹೆಂಡತಿ ಕಡೆ ನೋಡಿದ. ಆಕೆ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ಇನ್ನೊಬ್ರಿಗೆ ಮಾತು ಕೊಟ್ಟಂಗ ಆಗೇದ್ರಿ, ತಿಳಸ್ತೇನಿ" ಅಂದರು ಅಪ್ಪ. ಅದರ ಹಿಂದೆಯೇ, "ಚಾ ಕುಡದ ಹೋಗ್ರೆಲಾ."

ಅವರು ಕುಡಿಯಲಿಲ್ಲ. ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಬಿಡಬೇಕಿತ್ತು.

ಮರುದಿನ ಗೇಟಿನ ಹತ್ತಿರ ಮಗಳು ಕೇಳಿದಳು, "ಮಮ್ಮಿ, ಮನೆ ಕೊಟ್ಟಾಯ್ತಲ್ಲ, ಬೋರ್ಡ್ ಯಾಕೆ ಇನ್ನೂ ಇದೆ?"

ಈ ಪ್ರಶ್ನೆ ನಾನೇ ಒಮ್ಮೆ ಕೇಳಿದ್ದೆ. ನ್ಯೂಜೆರ್ಸಿಗೆ ಬಂದ ಹೊಸತು. ಫೋನಿನಲ್ಲಿ ಬನ್ನಿ ಬನ್ನಿ ಅಂದ ಮನೆ ಮಾಲೀಕ, ಬಾಗಿಲು ತೆಗೆದು ನಮ್ಮ ಮುಖ ನೋಡಿದವನೇ ಬೇರೆಯವರಿಗೆ ಆಗಿಹೋಯಿತು ಅಂದ. ಜಾಹೀರಾತು ಮಾತ್ರ ಇನ್ನೂ ಎರಡು ವಾರ ಹಾಗೇ ಇತ್ತು. ಬಣ್ಣ, ಹುಟ್ಟಿದ ದೇಶ ನೋಡಿ ಮನೆ ಇಲ್ಲ ಅನ್ನಬಾರದು ಅಂತ ಅಮೆರಿಕದಲ್ಲಿ 1968ರಿಂದ ಕಾಯ್ದೆ ಇದೆ. ಆದರೆ ಸಾಕ್ಷಿ ಎಲ್ಲಿಂದ ತರೋದು? ಆಗ ಎಲ್ಲರಿಗಿಂತ ಜಾಸ್ತಿ ಸಿಟ್ಟಾದವರು ನನ್ನಪ್ಪ. "ಮಾರಿ ನೋಡಿ ಮನಿ ಕೊಡ್ತಾನಂತೇನು ಅವ? ಸುಮ್ನ ಬಿಡಬ್ಯಾಡ್ರಿ" ಅಂತ ಹುಬ್ಬಳ್ಳಿಯಿಂದ ಕೂಗಾಡಿದ್ದರು.

ನಾವೇನು ಕಮ್ಮಿ? 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಕೆಲಸ, ಮನೆ ಬಾಡಿಗೆಯಲ್ಲೆಲ್ಲ ಜಾತಿ ತಾರತಮ್ಯ ಮಾಡಬಾರದು ಅಂತ ಕಾನೂನು ಮಾಡಿತು. ಅಮೆರಿಕದಲ್ಲಿ ಅದೇ ಮೊದಲು. ಆವತ್ತು 'ಇಲ್ಲಿ ಜಾತಿ ಎಲ್ಲಿದೆ, ಸುಮ್ನೆ ನಮ್ಮ ಹೆಸರು ಕೆಡಿಸ್ತಾರೆ' ಅಂತ ಜಗಳವಾಡಿದವರೇ, ಹೊಸಬರು ಬಂದ ಕೂಡಲೇ 'ನಿಮ್ಮ ಮನೆದೇವರು ಯಾವುದು' ಅಂತ ಕೇಳೋದನ್ನು ನಾನು ನೋಡಿದ್ದೇನೆ.

ಎರಡು ದಿನ ಬಿಟ್ಟು ದೇಶಪಾಂಡೆ ನಗರಕ್ಕೆ ಹೋಗಿ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮನೆಯನ್ನು ಹೊರಗಿಂದ ತೋರಿಸಿದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಅವರಿಗೂ ಇವಳಷ್ಟೇ ವಯಸ್ಸು. ಕೆಳಜಾತಿಯವಳೆಂದು ಊಟವಾದ ಮೇಲೆ ಎಂಜಲೆಲೆ ತೆಗೆಯೋಕೆ ಹಚ್ಚುತ್ತಾರೇನೋ ಅನ್ನುವ ದಿಗಿಲು ಆ ಹುಡುಗಿಗಿತ್ತು. ಮುಂದೆ ದೊಡ್ಡವರಾದ ಮೇಲೆ ಅವರೇ ಅದನ್ನು ಹೇಳಿಕೊಂಡಿದ್ದಾರೆ.

ರಾತ್ರಿ ಊಟಕ್ಕೆ ಕೂತಾಗ ಮಗಳು, "ಅಜ್ಜಾ, ಹಾನಗಲ್ ಅಂದ್ರೂ ಊರಲ್ವಾ? ಗಂಗೂಬಾಯಿ ಮನೆ ಕೇಳಿದ್ರೆ ಯಾವ ಓಣಿ ಅಂತಿದ್ರಾ?" ಅಂದಳು. ಅಪ್ಪ ದಿನಾ ಬೆಳಗ್ಗೆ ಅವರ ಭೈರವ್ ಹಚ್ಚಿಕೊಂಡೇ ಹೂವು ಬಿಡಿಸುವವರು. "ನಿನಗ ತಿಳಿಯಂಗಿಲ್ಲವಾ, ರೊಟ್ಟಿ ತಿನ್ನು" ಅಂದರು.

ಕೇಳಿದವರಿಗೆ ಉತ್ತರ: ಕಳಿಸಿ. ಮುಂದಿನ ವರ್ಷವೂ ನಾನು ಕಳಿಸುತ್ತೇನೆ. ಅಜ್ಜನ ಮೇಲೆ ಅವಳಿಗೆ ಜೀವ, ಅದೇನೂ ಕಮ್ಮಿಯಾಗಿಲ್ಲ. ಆದರೆ ಅವಳು ಕೇಳಿದ್ದಕ್ಕೆ 'ಅದು ನಮ್ಮ ಸಂಸ್ಕೃತಿ' ಅಂತ ಹೇಳಿ ಜಾರಿಕೊಳ್ಳಲಿಲ್ಲ. ಅಜ್ಜ ಸುಳ್ಳು ಹೇಳಿದರು, ನಾನು ಸುಮ್ಮನಿದ್ದೆ, ಎರಡೂ ತಪ್ಪು ಅಂದೆ.

ನಾವು ಹೊರಡುವ ಮುಂಚೆ ಮನೆ ಹೋಯಿತು. ನಮ್ಮ ಪೈಕಿಯವರಿಗೇ. ಬೋರ್ಡು ಬಿಚ್ಚಿಕೊಂಡು ಬಾರವಾ ಅಂತ ಅಪ್ಪ ಮಗಳನ್ನು ಕರೆದರು.

"ನೀವೇ ಬಿಚ್ರಿ ಅಜ್ಜಾ" ಅಂದಳು.